ಕನ್ನಡಿಯದೋ, ನಮ್ಮದೋ?

ಮೊನ್ನೆ ಕಪಾಟು ಖಾಲಿ ಮಾಡುವಾಗ ಹಳೆಯ ಲಾಗ್ ಪುಸ್ತಕ ಕೈಗೆ ಸಿಕ್ಕಿತು. ನೀಲಿ ರಟ್ಟು, ಬೆನ್ನಿಗೆ ಟೇಪ್ ಅಂಟಿಸಿದ್ದು. ನಡುವಿನ ಒಂದು ಪುಟದಲ್ಲಿ ನನ್ನದೇ ಅಕ್ಷರ: "1.49 ಕೆಇವಿ. ಚುಕ್ಕಿಯಿಂದ ಎಡಕ್ಕೆ 2 ಸೆಂ.ಮೀ. ದೂರದಲ್ಲಿ ಮಸುಕಾದ ರೆಕ್ಕೆ. ಕನ್ನಡಿಯದೋ, ನಮ್ಮದೋ?" ಕೆಇವಿ ಅಂದರೆ ಎಕ್ಸ್-ರೇಯ ಶಕ್ತಿ ಅಳೆಯುವ ಏಕಮಾನ. ಕೊನೆಯ ಎರಡು ಪದಗಳ ಕೆಳಗೆ ಗೆರೆ ಎಳೆದಿದ್ದೇನೆ. ಮುಂದಿನ ಮೂರು ವಾರದ ಪುಟಗಳಲ್ಲಿ ಬೇರೆ ವಿಷಯವೇ ಇಲ್ಲ.

ನಾನು ಎಕ್ಸ್-ರೇ ದೂರದರ್ಶಕಗಳ ಕನ್ನಡಿಯನ್ನು ಹಾರಿಸುವ ಮೊದಲು ನೆಲದ ಮೇಲೆ ಪರೀಕ್ಷೆ ಮಾಡುವ ಬೀಮ್‌ಲೈನ್ ವಿನ್ಯಾಸ ಮಾಡುತ್ತೇನೆ. ಕನ್ನಡಿ ಮಾಡುವವರು ಬೇರೆ, ಉಪಗ್ರಹ ಕಟ್ಟುವವರು ಬೇರೆ. ನಮ್ಮ ಪಾಲಿಗೆ ಬರುವುದು ಒಂದು ಉದ್ದನೆಯ ನಿರ್ವಾತದ ಪೈಪ್. ಒಂದು ತುದಿಯಲ್ಲಿ ಎಕ್ಸ್-ರೇ ಹೊಮ್ಮಿಸುವ ಮೂಲ. ಇನ್ನೊಂದು ತುದಿಯ ಚೇಂಬರಿನಲ್ಲಿ ಕನ್ನಡಿ, ಅದರ ಹಿಂದೆ ಡಿಟೆಕ್ಟರ್. ಕನ್ನಡಿ ಕೂಡಿಸಿದ ಬೆಳಕು ಅದರ ಮೇಲೆ ಚುಕ್ಕಿಯಾಗಿ ಬೀಳುತ್ತದೆ. ಹೇಳುವಾಗ ಇಷ್ಟೇ. ಆದರೆ ಡಿಟೆಕ್ಟರಿನಲ್ಲಿ ಏನೇ ಕಂಡರೂ ಆ ಗೆರೆ ಎಳೆದ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತದೆ. ಚುಕ್ಕಿ ಸ್ವಲ್ಪ ಅಗಲವಾಗಿದೆ. ಕನ್ನಡಿಯದೋ, ನಮ್ಮದೋ? ಬೆಳಕು ಎರಡು ಪರ್ಸೆಂಟ್ ಕಡಿಮೆ. ಕನ್ನಡಿಯದೋ, ನಮ್ಮದೋ? ಇಷ್ಟು ವರ್ಷಗಳ ಮೇಲೆ ನನಗೆ ಅನ್ನಿಸುವುದು ಇದು: ಭೂಮಿಯ ಮೇಲೆ ಆಕಾಶವನ್ನು ತಯಾರಿಸಲು ಯಾರಿಂದಲೂ ಆಗುವುದಿಲ್ಲ. ನಾವು ಕಟ್ಟುವ ಪ್ರತಿಯೊಂದು ಬೀಮ್‌ಲೈನೂ ಎಲ್ಲೋ ಒಂದು ಕಡೆ ಆಕಾಶದ ಹಾಗೆ ಇರುವುದಿಲ್ಲ. ಎಲ್ಲಿ ಹಾಗಿಲ್ಲ, ಎಷ್ಟು ಹಾಗಿಲ್ಲ ಅಂತ ಲೆಕ್ಕ ಹಾಕಲು ಬರುವಂತೆ ಕಟ್ಟಬೇಕು. ವಿನ್ಯಾಸದ ಕೆಲಸ ಅಂದರೆ ಅದೇ.

ಮೊದಲು ಈ ಕನ್ನಡಿಗಳ ಬಗ್ಗೆ ಎರಡು ಮಾತು. ಎಕ್ಸ್-ರೇಯನ್ನು ಕನ್ನಡಿಗೆ ನೇರವಾಗಿ ಬಿಟ್ಟರೆ ಅದು ಒಳಗೆ ಹೊಕ್ಕು ಅಲ್ಲೇ ಇಂಗಿಹೋಗುತ್ತದೆ. ಮೇಲ್ಮೈಯನ್ನು ಸವರಿಕೊಂಡು ಹೋಗುವ ಹಾಗೆ, ಒಂದು ಡಿಗ್ರಿ ಆಸುಪಾಸಿನ ಕೋನದಲ್ಲಿ ಬಿಟ್ಟರೆ ಮಾತ್ರ ಪ್ರತಿಫಲಿಸುತ್ತದೆ. ನುಣುಪಾದ ರಟ್ಟಿನ ಪುಸ್ತಕವೊಂದನ್ನು ಕಣ್ಣಿನ ಮಟ್ಟಕ್ಕೆ ಅಡ್ಡಲಾಗಿ ಹಿಡಿದು ಎದುರಿನ ದೀಪದ ಕಡೆ ನೋಡಿ. ಮೇಲಿನಿಂದ ನೋಡಿದಾಗ ಬರೀ ರಟ್ಟು. ಅಂಚಿನಿಂದ ನೋಡಿದಾಗ ದೀಪ ಅದರಲ್ಲಿ ಹೊಳೆಯುತ್ತದೆ, ಅಲ್ವಾ? ಹೆಚ್ಚುಕಡಿಮೆ ಹಾಗೆಯೇ. ಅದಕ್ಕೇ ಎಕ್ಸ್-ರೇ ಕನ್ನಡಿ ತಟ್ಟೆಯ ಆಕಾರದಲ್ಲಿರುವುದಿಲ್ಲ, ಕೊಳವೆಯ ಆಕಾರದಲ್ಲಿರುತ್ತದೆ. ಬೆಳಕು ಕೊಳವೆಯ ಒಳಗೋಡೆಯನ್ನು ಎರಡು ಸಲ ಸವರುತ್ತದೆ: ಮೊದಲು ಪ್ಯಾರಾಬೊಲಾ ಆಕಾರದ ಭಾಗ, ಆಮೇಲೆ ಹೈಪರ್ಬೊಲಾ ಆಕಾರದ ಭಾಗ. ಈ ಜೋಡಣೆಯನ್ನು ಹಾನ್ಸ್ ವೋಲ್ಟರ್ 1952ರಲ್ಲಿ ತೋರಿಸಿಕೊಟ್ಟರು. ಒಂದು ಕೊಳವೆ ಹಿಡಿಯುವ ಬೆಳಕು ತೀರಾ ಕಡಿಮೆ. ಹಾಗಾಗಿ ಒಂದರೊಳಗೆ ಒಂದು ಕೂರಿಸುತ್ತಾರೆ. ನಾಸಾದ ಚಂದ್ರಾ ದೂರದರ್ಶಕದಲ್ಲಿ ಇಂಥ ನಾಲ್ಕು ಜೋಡಿ. ಯುರೋಪಿನ ಎಕ್ಸ್‌ಎಂಎಂ-ನ್ಯೂಟನ್‌ನ ಒಂದೊಂದು ಮಾಡ್ಯೂಲಿನಲ್ಲಿ 58 ತೆಳುವಾದ ಕೊಳವೆಗಳು, ಅಂಥ ಮೂರು ಮಾಡ್ಯೂಲ್. ಇ-ರೋಸಿಟಾ ಅನ್ನುವ ಇನ್ನೊಂದು ದೂರದರ್ಶಕದಲ್ಲಿ ಏಳು ಮಾಡ್ಯೂಲ್, ಒಂದೊಂದರಲ್ಲಿ 54.

"ಮೇಲೆ ಹೋದ ಮೇಲೆ ಅಲ್ಲೇ ಅಳತೆ ಮಾಡಿಕೊಳ್ಳಬಹುದಲ್ಲ, ನೆಲದ ಮೇಲೆ ಯಾಕೆ ಇಷ್ಟು ಕಷ್ಟ?" ಅಂತ ತುಂಬ ಜನ ಕೇಳುತ್ತಾರೆ. ಆಕಾಶದಲ್ಲಿ ಇಂತಿಷ್ಟೇ ಹೊಳೆಯುತ್ತೇನೆ ಅಂತ ಬರೆದುಕೊಟ್ಟ ದೀಪ ಒಂದೂ ಇಲ್ಲ. ಹಲವು ದಶಕ ಕ್ರ್ಯಾಬ್ ನೆಬ್ಯುಲಾ ಅನ್ನುವ, ಸಿಡಿದ ನಕ್ಷತ್ರದ ಅವಶೇಷವನ್ನು ಅಂಥ ದೀಪ ಅಂದುಕೊಂಡಿದ್ದೆವು. ಎಕ್ಸ್-ರೇ ಹೊಳಪನ್ನು ಅಳೆಯುವ ಏಕಮಾನಕ್ಕೇ "ಕ್ರ್ಯಾಬ್" ಅಂತ ಹೆಸರಿಟ್ಟಿದ್ದರು. ಆದರೆ 2008ರಿಂದ 2010ರ ನಡುವೆ ಅದು 15ರಿಂದ 50 ಕೆಇವಿ ಪಟ್ಟಿಯಲ್ಲಿ ಸುಮಾರು 7 ಪರ್ಸೆಂಟ್ ಮಂಕಾಯಿತು. ಬೇರೆಬೇರೆ ಉಪಗ್ರಹಗಳು ಒಟ್ಟಿಗೇ ಅದನ್ನು ಕಂಡಿದ್ದರಿಂದ ನಂಬಬೇಕಾಯಿತು. ಇನ್ನೊಂದು ಉದಾಹರಣೆ ಗ್ಯಾಲಕ್ಸಿ ಗುಂಪುಗಳದು. ಅವುಗಳಲ್ಲಿರುವ ಬಿಸಿ ಅನಿಲದ ತಾಪಮಾನವನ್ನು ಚಂದ್ರಾ ಅಳೆದರೆ ಒಂದು ಅಂಕಿ ಬರುತ್ತದೆ, ಎಕ್ಸ್‌ಎಂಎಂ-ನ್ಯೂಟನ್ ಅಳೆದರೆ ಅದಕ್ಕಿಂತ ಕಡಿಮೆ ಬರುತ್ತದೆ. ಅನಿಲ ಒಂದೇ, ದೂರದರ್ಶಕ ಎರಡು. ಆ ತಾಪಮಾನದಿಂದಲೇ ಗುಂಪಿನ ತೂಕ ಲೆಕ್ಕ ಹಾಕುವುದು. ಆ ತೂಕದಿಂದ ವಿಶ್ವದ ಲೆಕ್ಕ. ಹಾಗಾಗಿ ಕನ್ನಡಿ ಯಾವ ಶಕ್ತಿಯ ಎಕ್ಸ್-ರೇಯನ್ನು ಎಷ್ಟು ಹಿಡಿಯುತ್ತದೆ ಅನ್ನುವುದು ಒಂದೆರಡು ಪರ್ಸೆಂಟಿನೊಳಗೆ ಗೊತ್ತಿರಬೇಕು. ಕನ್ನಡಿ ಕೈಗೆ ಸಿಗುವಾಗಲೇ ಅದನ್ನು ಅಳೆಯಬೇಕು.

ಈಗ ಪೈಪಿನ ಉದ್ದದ ಪ್ರಶ್ನೆ. ನನಗೆ ತುಂಬ ಇಷ್ಟವಾದ ಭಾಗ ಇದು. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಕ್ಷತ್ರದ ಬೆಳಕು ನಮ್ಮ ಹತ್ತಿರ ಬರುವಷ್ಟರಲ್ಲಿ ಕಿರಣಗಳೆಲ್ಲ ಸಮಾನಾಂತರ ಆಗಿರುತ್ತವೆ. ಪೈಪಿನ ತುದಿಯ ಮೂಲದಿಂದ ಬರುವ ಕಿರಣಗಳು ಹಾಗಲ್ಲ, ಬೀಸಣಿಗೆಯ ಹಾಗೆ ಹರಡಿಕೊಂಡು ಬರುತ್ತವೆ. ಪೈಪ್ ಉದ್ದ ಇದ್ದಷ್ಟೂ ಹರಡುವುದು ಕಡಿಮೆ. ಚಂದ್ರಾದ ಕನ್ನಡಿಯನ್ನು ಅಳೆದದ್ದು ಅಮೆರಿಕದ ಹಂಟ್ಸ್‌ವಿಲ್‌ನಲ್ಲಿ, ನಾಸಾದ ಮಾರ್ಷಲ್ ಕೇಂದ್ರದಲ್ಲಿ. ಅಲ್ಲಿ ಮೂಲದಿಂದ ಕನ್ನಡಿಗೆ ಸುಮಾರು 527 ಮೀಟರ್. ಅರ್ಧ ಕಿಲೋಮೀಟರಿಗಿಂತ ಜಾಸ್ತಿ ನಿರ್ವಾತ! ಜರ್ಮನಿಯಲ್ಲಿ ಮ್ಯೂನಿಕ್ ಪಕ್ಕದ ನಾಯ್‌ರೀಡ್‌ನಲ್ಲಿ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಪ್ಯಾಂಟರ್ ಅನ್ನುವ ಪರೀಕ್ಷಾ ಸೌಲಭ್ಯ ಇದೆ. ಅಲ್ಲಿ ಸುಮಾರು 120 ಮೀಟರ್. ರೋಸಾಟ್ ಅನ್ನುವ ಎಕ್ಸ್-ರೇ ಉಪಗ್ರಹಕ್ಕೋಸ್ಕರ ಕಟ್ಟಿದ್ದು, ಆಮೇಲೆ ಎಕ್ಸ್‌ಎಂಎಂ-ನ್ಯೂಟನ್, ಇ-ರೋಸಿಟಾ ಎಲ್ಲದರ ಕನ್ನಡಿಯೂ ಅದರ ಎದುರು ಕೂತು ಎದ್ದು ಹೋಗಿದೆ.

ಹರಡುವುದರಿಂದ ಆಗುವ ಮೊದಲನೆಯ ತೊಂದರೆ ಸುಲಭದ್ದು. ಚುಕ್ಕಿ ಕೂಡುವ ಜಾಗ ಹಿಂದಕ್ಕೆ ಹೋಗುತ್ತದೆ. ಚಂದ್ರಾದ ಫೋಕಲ್ ಲೆಂತ್, ಅಂದರೆ ನಕ್ಷತ್ರದ ಬೆಳಕಿಗೆ ಕನ್ನಡಿಯಿಂದ ಆ ಜಾಗಕ್ಕಿರುವ ದೂರ, 10 ಮೀಟರ್. 527 ಮೀಟರ್ ದೂರದ ಮೂಲಕ್ಕೆ ಅದು ಸುಮಾರು 20 ಸೆಂ.ಮೀ. ಹಿಂದೆ ಸರಿಯುತ್ತದೆ. 12 ಮೀಟರ್ ಫೋಕಲ್ ಲೆಂತ್‌ನ ಅಥೀನಾ (ಯುರೋಪ್ ಮುಂದೆ ಹಾರಿಸಲಿರುವ ದೂರದರ್ಶಕ) ಕನ್ನಡಿಯನ್ನು 120 ಮೀಟರ್ ಪೈಪಿಗೆ ಹಾಕಿದರೆ 1.3 ಮೀಟರ್ ಹಿಂದೆ ಹೋಗುತ್ತದೆ. ಚೇಂಬರ್ ಉದ್ದ ಮಾಡಿಕೊಂಡರೆ ಆಯಿತು, ಮುಗಿಯಿತು.

ಎರಡನೆಯ ತೊಂದರೆ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಹರಡಿಕೊಂಡು ಬರುವ ಕಿರಣ ಮೊದಲ ಕನ್ನಡಿಯನ್ನು ಬೇಕಾದ್ದಕ್ಕಿಂತ ಜಾಸ್ತಿ ಕೋನದಲ್ಲಿ ತಾಗುತ್ತದೆ. ಎರಡನೆಯದನ್ನು ಕಡಿಮೆ ಕೋನದಲ್ಲಿ ತಾಗುತ್ತದೆ. ಮೊದಲನೆಯದು ಹಿಡಿದ ಬೆಳಕನ್ನೆಲ್ಲ ಎರಡನೆಯದಕ್ಕೆ ಹಿಡಿಯಲು ಆಗುವುದಿಲ್ಲ, ಒಂದಷ್ಟು ಪಕ್ಕದಿಂದ ತಪ್ಪಿಸಿಕೊಂಡು ಹೋಗುತ್ತದೆ. ಎಷ್ಟು?

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮಧ್ಯಾಹ್ನ ಇದನ್ನು ಕಾಗದದ ಮೇಲೆ ಮಾಡಿ ನೋಡಿದೆ. ಕನ್ನಡಿಗೆ ಬರುವ ಕಿರಣ ಎಷ್ಟು ವಾಲಿದೆ? ಕನ್ನಡಿಯ ತ್ರಿಜ್ಯವನ್ನು ಪೈಪಿನ ಉದ್ದದಿಂದ ಭಾಗಿಸಿದರೆ ಸಿಗುತ್ತದೆ. ನಕ್ಷತ್ರದ ಕಿರಣವಾಗಿದ್ದರೆ ಕನ್ನಡಿಯನ್ನು ಸವರುವ ಕೋನ ಎಷ್ಟು? ಅದೇ ತ್ರಿಜ್ಯವನ್ನು ಫೋಕಲ್ ಲೆಂತ್‌ನ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಸಿಗುತ್ತದೆ. ಈಗ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು. ತ್ರಿಜ್ಯ ಮೇಲೂ ಕೆಳಗೂ ಹೊಡೆದುಹೋಯಿತು! ಉಳಿದದ್ದು ಇಷ್ಟೇ: ಫೋಕಲ್ ಲೆಂತ್‌ನ ನಾಲ್ಕು ಪಟ್ಟು, ಅದನ್ನು ಪೈಪಿನ ಉದ್ದದಿಂದ ಭಾಗಿಸಿದ್ದು. ಅಂದರೆ ಒಳಗಿನ ಚಿಕ್ಕ ಕೊಳವೆಗೂ ಹೊರಗಿನ ದೊಡ್ಡ ಕೊಳವೆಗೂ ತೊಂದರೆ ಒಂದೇ ಪ್ರಮಾಣದಲ್ಲಿ. ಕನ್ನಡಿ ಚಿಕ್ಕದು ಮಾಡಿದರೆ ತಪ್ಪಿಸಿಕೊಳ್ಳಬಹುದು ಅಂತ ನಾನು ಅಂದುಕೊಂಡಿದ್ದು ಸುಳ್ಳಾಯಿತು. ಆ ಕಾಗದವನ್ನು ತುಂಬ ಹೊತ್ತು ನೋಡುತ್ತಾ ಕೂತಿದ್ದೆ. ಇಡೀ ಕಟ್ಟಡದ ಉದ್ದವನ್ನು ಒಂದು ಭಾಗಾಕಾರ ತೀರ್ಮಾನ ಮಾಡುತ್ತದೆ ಅಂದರೆ ಸುಮ್ನೆ ಮಾತಲ್ಲ.

ಅಂಕಿ ಹಾಕಿ ನೋಡೋಣ. ಚಂದ್ರಾಕ್ಕೆ 527 ಮೀಟರಿನಲ್ಲಿ ಈ ಪ್ರಮಾಣ ಸುಮಾರು 0.08. ಎರಡು ಸಲ ಪ್ರತಿಫಲಿಸಿ ಫೋಕಸ್‌ಗೆ ಬರುವ ಬೆಳಕು ಸುಮಾರು 86 ಪರ್ಸೆಂಟ್. ಎಕ್ಸ್‌ಎಂಎಂ-ನ್ಯೂಟನ್‌ನ ಫೋಕಲ್ ಲೆಂತ್ 7.5 ಮೀಟರ್. 120 ಮೀಟರಿಗೆ ಪ್ರಮಾಣ 0.25, ಬರುವ ಬೆಳಕು ಸುಮಾರು 60 ಪರ್ಸೆಂಟ್. 12 ಮೀಟರಿನ ಅಥೀನಾಕ್ಕೆ ಅದೇ ಪೈಪಿನಲ್ಲಿ 0.4. ಉಳಿಯುವುದು ಅರ್ಧಕ್ಕಿಂತ ಕಡಿಮೆ, 43 ಪರ್ಸೆಂಟ್. ಇದು ಬರೀ ರೇಖಾಗಣಿತ, ನೆರಳು ಗಿರಳು ಎಲ್ಲ ಸೇರಿಸಿಲ್ಲ. ಕಳೆದುಹೋದದ್ದನ್ನು ಕಂಪ್ಯೂಟರಿನಲ್ಲಿ ಕಿರಣ ಕಿರಣವಾಗಿ ಬಿಟ್ಟು ಲೆಕ್ಕ ಹಾಕಿ ಸೇರಿಸಬಹುದು, ಸೇರಿಸುತ್ತಾರೆ ಕೂಡ. ಆದರೆ 14 ಪರ್ಸೆಂಟಿಗೆ ತಿದ್ದುಪಡಿ ಮಾಡಿ ಒಂದು ಪರ್ಸೆಂಟಿನ ನಂಬಿಕೆ ಇಟ್ಟುಕೊಳ್ಳುವುದು ಬೇರೆ. 57 ಪರ್ಸೆಂಟಿಗೆ ತಿದ್ದುಪಡಿ ಮಾಡಿ ಅದೇ ನಂಬಿಕೆ ಇಟ್ಟುಕೊಳ್ಳುವುದು ಬೇರೆಯೇ. ಇದಲ್ಲದೆ ಮೊದಲ ಕನ್ನಡಿಯ ಒಂದು ಅಂಚಿನಿಂದ ಹೊರಟ ಬೆಳಕು ಫೋಕಸ್‌ಗೆ ಬಂದೇ ಇಲ್ಲ. ಅಲ್ಲಿ ಕನ್ನಡಿ ಹೇಗಿದೆ ಅಂತ ಯಾವ ಕಂಪ್ಯೂಟರ್ ಹೇಳೀತು?

ಉದ್ದ ಮಾಡಿದರೆ ಬೇರೆ ವಿಷಯಗಳು ತಲೆ ಎತ್ತುತ್ತವೆ. 527 ಮೀಟರಿಗೆ ಭೂಮಿ 2 ಸೆಂ.ಮೀ.ಗಿಂತ ತುಸು ಜಾಸ್ತಿ ಬಾಗುತ್ತದೆ. ಒಂದು ತುದಿಯಲ್ಲಿ ತೂಗುಗುಂಡು ಬಿಟ್ಟು "ಇದು ನೇರ" ಅಂದದ್ದಕ್ಕೂ ಇನ್ನೊಂದು ತುದಿಯ "ನೇರ"ಕ್ಕೂ 17 ಆರ್ಕ್ ಸೆಕೆಂಡ್ ವ್ಯತ್ಯಾಸ. ಒಂದು ಆರ್ಕ್ ಸೆಕೆಂಡ್ ಅಂದರೆ ಒಂದು ಡಿಗ್ರಿಯ 3600ನೆಯ ಒಂದು ಪಾಲು. ಚಂದ್ರಾದ ಕನ್ನಡಿಯ ಸೂಕ್ಷ್ಮತೆ ಅರ್ಧ ಆರ್ಕ್ ಸೆಕೆಂಡ್. ಮಟ್ಟಗೋಲು ಇಟ್ಟು ಜೋಡಿಸುವ ಕೆಲಸ ಇಲ್ಲಿ ನಡೆಯುವುದಿಲ್ಲ. ಎರಡು ತುದಿಯನ್ನೂ ಒಂದೇ ಬೆಳಕಿನ ಗೆರೆಗೆ ಕಟ್ಟಬೇಕು. ಎಕ್ಸ್-ರೇ ಹೊಮ್ಮುವ ಚುಕ್ಕಿಯೂ ಚಿಕ್ಕದಿರಬೇಕು. 527 ಮೀಟರ್ ದೂರದಿಂದ ಅರ್ಧ ಆರ್ಕ್ ಸೆಕೆಂಡ್ ಅಂದರೆ 1.3 ಮಿಲಿಮೀಟರ್. ಮೂಲವೇ ಅಷ್ಟು ದಪ್ಪ ಇದ್ದರೆ ಕನ್ನಡಿ ಎಷ್ಟು ಚೆನ್ನಾಗಿದೆ ಅಂತ ಗೊತ್ತಾಗುವುದೇ ಇಲ್ಲ.

ನಮ್ಮದು ನೂರು ಮೀಟರ್ ಆಸುಪಾಸಿನ ಪೈಪ್, ಒಂದು ಮೀಟರ್ ಅಗಲ. ಆ ರೆಕ್ಕೆ ಕಂಡಾಗ ಇದ್ದದ್ದು 2 ಮೀಟರ್ ಫೋಕಲ್ ಲೆಂತ್‌ನ ಒಂದು ಕನ್ನಡಿ. ನಡುವಿನ ಚುಕ್ಕಿ ಚೆನ್ನಾಗಿಯೇ ಇತ್ತು. ಡಿಟೆಕ್ಟರನ್ನು ಪಕ್ಕಕ್ಕೆ ಸರಿಸುತ್ತಾ ಚುಕ್ಕಿಯ ಸುತ್ತ ಎಷ್ಟು ಬೆಳಕು ಚೆಲ್ಲಿದೆ ಅಂತ ನೋಡುತ್ತಿದ್ದೆವು. ಬಲಗಡೆ ಕತ್ತಲೆ. ಮೇಲೆ ಕತ್ತಲೆ, ಕೆಳಗೆ ಕತ್ತಲೆ. ಎಡಗಡೆ ಮಾತ್ರ ಮಂಜಿನ ಎಳೆಯ ಹಾಗೆ ಒಂದು ರೆಕ್ಕೆ, ಬಾಳೆಎಲೆಯ ತುದಿಯಷ್ಟು ತೆಳುವಾಗಿ ಬಾಗಿಕೊಂಡು.

ಮೊದಲು ಕನ್ನಡಿಯನ್ನೇ ಅನುಮಾನಿಸಿದೆವು. ಇದಕ್ಕೆ ಒಂದು ಒಳ್ಳೆಯ ಪರೀಕ್ಷೆ ಇದೆ. ಕನ್ನಡಿಯನ್ನು ಅದರ ಅಕ್ಷದ ಸುತ್ತ 90 ಡಿಗ್ರಿ ತಿರುಗಿಸಬೇಕು. ದೋಷ ಕನ್ನಡಿಯದಾದರೆ ರೆಕ್ಕೆಯೂ ಜೊತೆಗೆ ತಿರುಗುತ್ತದೆ. ತಿರುಗದಿದ್ದರೆ ನಮ್ಮದು. ಕೇಳಲು ಸುಲಭ. ಮಾಡುವುದು ಅಂದರೆ ಚೇಂಬರಿಗೆ ಗಾಳಿ ಬಿಟ್ಟು, ಸ್ವಚ್ಛ ಕೋಣೆಯ ಬಟ್ಟೆ ಹಾಕಿಕೊಂಡು ಒಳಗೆ ಹೋಗಿ, ತಿರುಗಿಸಿ, ಮತ್ತೆ ಪಂಪ್ ಹಾಕಿ, ತಾಪಮಾನ ನೆಲೆಗೆ ಬರುವ ತನಕ ಕಾಯಬೇಕು. ನಾಲ್ಕು ದಿನ ಹೋಯಿತು. ರೆಕ್ಕೆ ಎಡಗಡೆಯೇ ಇತ್ತು.

ಇಲ್ಲಿ ಒಂದು ಎಚ್ಚರ ಬೇಕು. ಕನ್ನಡಿ ತಿರುಗಿಸಿದರೂ ತಿರುಗದ ಇನ್ನೊಂದು ಸಂಗತಿ ಇದೆ, ಗುರುತ್ವ. ಮೇಲೆ ತೂಕವಿಲ್ಲದೆ ತೇಲುವ ಕನ್ನಡಿ ಇಲ್ಲಿ ಅಡ್ಡ ಮಲಗಿ ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ. ಚಂದ್ರಾದ ಅತಿ ದೊಡ್ಡ ಕೊಳವೆಯ ಅಗಲ 1.2 ಮೀಟರ್, ದಪ್ಪ ಗಾಜಿನದು. ಅದೂ ಜಗ್ಗಿತ್ತು. ಆ ಜಗ್ಗಾಟವನ್ನು ಲೆಕ್ಕ ಹಾಕಿ ತೆಗೆದು, ಮೇಲೆ ಹೋದರೆ ಹೇಗಿರುತ್ತದೆ ಅಂತ ಊಹಿಸಬೇಕಾಯಿತು. ಆದರೆ ಗುರುತ್ವ ಎಳೆಯುವುದು ಕೆಳಕ್ಕೆ. ನಮ್ಮ ರೆಕ್ಕೆ ಎಡಕ್ಕಿತ್ತು. ಹಾಗಾಗಿ ಅದನ್ನು ಬಿಟ್ಟೆವು. ಡಿಟೆಕ್ಟರ್ ತಿರುಗಿಸಿದೆವು. ರೆಕ್ಕೆ ಅಲ್ಲಾಡಲಿಲ್ಲ.

ಎರಡನೆಯ ವಾರದ ಕೊನೆಗೆ ಒಂದು ಸುಳಿವು ಸಿಕ್ಕಿತು. ಮೂಲದೊಳಗೆ ಬಿಸಿ ತಂತಿಯಿಂದ ಹೊರಟ ಎಲೆಕ್ಟ್ರಾನ್‌ಗಳು ಎದುರಿನ ಲೋಹಕ್ಕೆ ಬಡಿದಾಗ ಎಕ್ಸ್-ರೇ ಹೊಮ್ಮುತ್ತದೆ. ಆ ಲೋಹವಾಗಿ ಅಲ್ಯೂಮಿನಿಯಂ ಬದಲು ತಾಮ್ರ ಹಾಕಿದೆವು. ಅಲ್ಯೂಮಿನಿಯಂ ಕೊಡುವುದು 1.49 ಕೆಇವಿ, ತಾಮ್ರ ಕೊಡುವುದು 8.05. ತಾಮ್ರದಲ್ಲಿ ರೆಕ್ಕೆ ಹೆಚ್ಚುಕಡಿಮೆ ಮಾಯ. ಅವತ್ತೇ ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ನಾನು ಬೇಡದ ಶಕ್ತಿಯ ಎಕ್ಸ್-ರೇಯನ್ನು ತಡೆಯುವ ಫಿಲ್ಟರ್ ಅನುಮಾನಿಸುತ್ತಾ ಕೂತೆ. ಅದಕ್ಕೂ ಕಾರಣ ಇತ್ತು. ಈ ಮೂಲಗಳು ಶುದ್ಧ ಬಣ್ಣ ಕೊಡುವುದಿಲ್ಲ. ಬಿಸಿ ಮಾಡುವ ತಂತಿಯ ಟಂಗ್‌ಸ್ಟನ್ ಸ್ವಲ್ಪಸ್ವಲ್ಪವೇ ಆವಿಯಾಗಿ ಎದುರಿನ ಲೋಹದ ಮೇಲೆ ಕೂರುತ್ತದೆ. ಆಮೇಲೆ ಅದರ ಎಕ್ಸ್-ರೇಯೂ ಬೆಳಕಿನಲ್ಲಿ ಸೇರಿಕೊಳ್ಳುತ್ತದೆ. ಸಿಲಿಕಾನ್ 1.74ರಲ್ಲಿ ಅಳೆಯುವಾಗ ಟಂಗ್‌ಸ್ಟನ್ 1.77ರಲ್ಲಿ ಬಂದು ಪಕ್ಕದಲ್ಲೇ ಕೂತಿರುತ್ತದೆ. ಅದನ್ನು ಹಿಂದೊಮ್ಮೆ ಅನುಭವಿಸಿದ್ದರಿಂದ ಮೂಲದ ಮೇಲೆಯೇ ನನ್ನ ಕಣ್ಣು.

ಕೊನೆಗೆ ದಾರಿ ತೋರಿಸಿದವರು ನಮ್ಮ ನಿರ್ವಾತದ ಕೆಲಸ ನೋಡಿಕೊಳ್ಳುವ ಹಿರಿಯ ಟೆಕ್ನಿಷಿಯನ್. ಪಂಪಿನ ಶಬ್ದ ಕೇಳಿಯೇ ಯಾವ ಬೇರಿಂಗ್ ಹೋಗುತ್ತಿದೆ ಅಂತ ಹೇಳುವವರು. ಬೆಳಿಗ್ಗೆ ಚಾರ್ಟ್ ನೋಡುತ್ತಾ ನನ್ನ ಪಕ್ಕ ನಿಂತಿದ್ದರು.

"ಮೇಡಂ, ಕನ್ನಡಿ ತಿರುಗ್ಸಿದ್ರಿ, ಡಿಟೆಕ್ಟರ್ ತಿರುಗ್ಸಿದ್ರಿ. ಪೈಪ್ ಯಾರೂ ನೋಡ್ಲೇ ಇಲ್ವಲ್ಲ?"

"ಪೈಪ್ ಏನ್ ಮಾಡುತ್ತೆ ಸರ್, ಅದು ಸುಮ್ನೆ ಇರೋದು."

"ಒಳಗೋಡೆ ಹೊಳೀತದಲ್ಲ ಮೇಡಂ."

ಆ ಮಾತು ಕೇಳಿದ ತಕ್ಷಣ ಇಡೀ ಚಿತ್ರ ಕೂಡಿಕೊಂಡಿತು. ಪೈಪ್ ಒಂದು ಮೀಟರ್ ಅಗಲ. ಮೂಲದಿಂದ ಹೊರಟ ಕಿರಣ ಪೈಪಿನ ನಡುಭಾಗದಲ್ಲಿ ಗೋಡೆ ತಾಗಿದರೆ ಕೋನ ಅರ್ಧ ಡಿಗ್ರಿಗಿಂತ ತುಸು ಜಾಸ್ತಿ. ಅಷ್ಟು ಸಣ್ಣ ಕೋನದಲ್ಲಿ ಉಕ್ಕು ಕೂಡ ಎಕ್ಸ್-ರೇ ಕನ್ನಡಿಯೇ! 1.49 ಕೆಇವಿಯನ್ನು ಚೆನ್ನಾಗಿ ಪ್ರತಿಫಲಿಸುತ್ತದೆ. 8 ಕೆಇವಿಗೆ ಆ ಕೋನ ಜಾಸ್ತಿಯಾಯಿತು, ಅದು ಉಕ್ಕಿನಲ್ಲಿ ಇಂಗಿಹೋಗುತ್ತದೆ. ತಾಮ್ರದಲ್ಲಿ ರೆಕ್ಕೆ ಮಾಯವಾಗಿದ್ದು ಅದಕ್ಕೆ. ಅರ್ಧ ಡಿಗ್ರಿ ಚಿಲ್ಲರೆ ಕೋನಕ್ಕೆ 2 ಮೀಟರ್ ಫೋಕಲ್ ಲೆಂತ್‌ನಲ್ಲಿ ಸರಿಯಾಗಿ 2 ಸೆಂ.ಮೀ. ಬರುತ್ತದೆ. ಎಲ್ಲ ಅಂಕಿಗಳೂ ಮೊದಲಿನಿಂದ ನನ್ನ ಪುಸ್ತಕದಲ್ಲೇ ಇದ್ದವು.

ಇದು ಆಗಬಾರದು ಅಂತಲೇ ಪೈಪಿನೊಳಗೆ ಬ್ಯಾಫಲ್ ಹಾಕಿರುತ್ತೇವೆ. ನಡುವೆ ತೂತಿರುವ ಲೋಹದ ಉಂಗುರಗಳು. ಕನ್ನಡಿಯ ಜಾಗದಲ್ಲಿ ನಿಂತು ನೋಡಿದರೆ ಗೋಡೆ ಎಲ್ಲೂ ಕಾಣಬಾರದು, ಉಂಗುರಗಳ ಅಂಚು ಮಾತ್ರ ಕಾಣಬೇಕು. ಅದರಲ್ಲೂ ನಡುಭಾಗದ ಉಂಗುರಗಳೇ ಮುಖ್ಯ. ಮೂಲದಿಂದ ಹೊರಟು ಒಂದೇ ಸಲ ಗೋಡೆ ತಾಗಿ ಕನ್ನಡಿಗೆ ಬರುವ ಬೆಳಕು ತಾಗುವುದು ಅಲ್ಲೇ. ಪೈಪ್ ತೆಗೆದು ದೀಪ ಹಿಡಿದು ನೋಡಿದಾಗ ನಡುವಿನ ಒಂದು ಉಂಗುರ ವಾಲಿತ್ತು. ಬಲಗಡೆ ಗೋಡೆಗೂ ಉಂಗುರಕ್ಕೂ ನಡುವೆ ಚಂದ್ರನ ಕೋರೆಯಷ್ಟು ಸಂದು. ಪೈಪಿನಲ್ಲಿ ಬಲಗಡೆಯದು ಫೋಕಸ್‌ನಲ್ಲಿ ಎಡಗಡೆ ಬೀಳುತ್ತದೆ. ಆ ರೆಕ್ಕೆ ಬಾಗಿದ ಆಕಾರದಲ್ಲಿ ಇದ್ದದ್ದು ಯಾಕೆ ಅಂತಲೂ ಗೊತ್ತಾಯಿತು.

ಉಂಗುರ ವಾಲಿದ್ದು ಯಾಕೆ? ಡ್ರಾಯಿಂಗ್ ನನ್ನದೇ. ಸ್ಟೇನ್‌ಲೆಸ್ ಉಕ್ಕಿನ ನೂರು ಮೀಟರ್ ಪೈಪ್ 15 ಡಿಗ್ರಿ ಬಿಸಿಯಾದರೆ ಎರಡೂವರೆ ಸೆಂ.ಮೀ. ಉದ್ದವಾಗುತ್ತದೆ. ಅದನ್ನು ನುಂಗಿಕೊಳ್ಳಲು ನಡುನಡುವೆ ಬೆಲ್ಲೋಸ್, ಅಂದರೆ ತಿದಿಯ ಹಾಗೆ ಹಿಗ್ಗಿ ಕುಗ್ಗುವ ಮಡಿಕೆಯ ಕೊಳವೆ, ಇಡುತ್ತೇವೆ. ಆ ಉಂಗುರದ ಕಾಲುಗಳನ್ನು ನಾನು ಬೆಲ್ಲೋಸ್‌ನ ಎರಡು ಬದಿಗೂ ಸೇರಿಸಿ ಕೂರಿಸಿದ್ದೆ, ಗಟ್ಟಿ ಇರಲಿ ಅಂತ. ಪೈಪ್ ಹಿಗ್ಗಿದಾಗೆಲ್ಲ ಒಂದು ಕಾಲು ಒಂದು ಕಡೆ, ಇನ್ನೊಂದು ಇನ್ನೊಂದು ಕಡೆ. ಒಂದು ಬೇಸಿಗೆ, ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಸ್ಕ್ರೂ ಸಡಿಲ. ಲಾಗ್ ಪುಸ್ತಕದಲ್ಲಿ ಆ ದಿನದ ಪುಟದಲ್ಲಿ ಒಂದೇ ಪದ ಇದೆ: "ನಮ್ಮದು."

ಆ ಮೂರು ವಾರ ಕನ್ನಡಿ ಮಾಡಿದವರು ನಿದ್ದೆಗೆಟ್ಟಿದ್ದರು. ಅವರಿಗೆ ಫೋನ್ ಮಾಡಿ ಹೇಳಿದಾಗ ಆ ಕಡೆಯಿಂದ ಬಂದ ನಿಟ್ಟುಸಿರು ಇವತ್ತಿಗೂ ಕಿವಿಯಲ್ಲಿದೆ.

ಇಷ್ಟಾದರೂ ರೆಕ್ಕೆ ಕಣ್ಣಿಗೆ ಕಾಣುವಂಥದ್ದು. ಕಾಣದ್ದು ಇನ್ನೂ ಕಷ್ಟ. ಚಂದ್ರಾದ ಕನ್ನಡಿಗೆ ಇರಿಡಿಯಂ ಲೇಪ ಇದೆ. ಹಾರಿದ ಮೇಲೆ ಬಂದ ಮಾಹಿತಿಯನ್ನು ಜಾಲಾಡಿದಾಗ ಲೇಪದ ಮೇಲೆ ಹೈಡ್ರೋಕಾರ್ಬನ್ನಿನ ತೆಳು ಪದರ ಇದೆ ಅಂತ ತೀರ್ಮಾನಕ್ಕೆ ಬಂದರು. ದಪ್ಪ ಸುಮಾರು 2 ನ್ಯಾನೋಮೀಟರ್! ಇರಿಡಿಯಂ ಎಕ್ಸ್-ರೇ ಹೀರುವ ಪ್ರಮಾಣ ತಟ್ಟನೆ ಬದಲಾಗುವ 2 ಕೆಇವಿ ಆಸುಪಾಸಿನಲ್ಲಿ ಪ್ರತಿಫಲನದ ಲೆಕ್ಕ ಬದಲಾಗಲು ಅಷ್ಟು ಸಾಕಾಯಿತು. ನಮ್ಮ ಚೇಂಬರಿನಲ್ಲಿ ಎಣ್ಣೆ ಇರುವ ಪಂಪ್ ಒಂದೂ ಇಲ್ಲ. ಒಳಗೆ ಹೋಗುವ ವೈರಿನ ಮೇಲಿನ ಪ್ಲಾಸ್ಟಿಕ್ಕಿಗೂ ಪರೀಕ್ಷೆ. ಕನ್ನಡಿಯ ಪಕ್ಕದಲ್ಲಿ ಅದೇ ಲೇಪದ ಚಿಕ್ಕ ತುಂಡುಗಳನ್ನು ಇಡುತ್ತೇವೆ. ಕನ್ನಡಿ ಒಳಗಿದ್ದಷ್ಟು ದಿನ ಅವೂ ಒಳಗೆ. ಹೊರಬಂದ ಮೇಲೆ ಕನ್ನಡಿಯನ್ನು ಮುಟ್ಟುವ ಹಾಗಿಲ್ಲ, ತುಂಡುಗಳನ್ನು ಮುಟ್ಟಬಹುದು. ನನ್ನ ಕಪಾಟಿನಲ್ಲಿ ಅಂಥ ಡಬ್ಬಿಗಳು ಸಾಲಾಗಿವೆ, ದಿನಾಂಕ ಬರೆದು.

ವಿನ್ಯಾಸದಲ್ಲಿ ನನಗೆ ಅತ್ಯಂತ ಚಂದ ಅನ್ನಿಸುವ ಉಪಾಯವೂ ಚಂದ್ರಾದ್ದೇ. ಕನ್ನಡಿ ಎಷ್ಟು ಬೆಳಕು ಹಿಡಿಯಿತು ಅಂತ ಹೇಳಬೇಕಾದರೆ ಎರಡು ಅಳತೆ ಬೇಕು: ಕನ್ನಡಿಗೆ ಬಂದದ್ದು, ಫೋಕಸ್‌ಗೆ ಸೇರಿದ್ದು. ಡಿಟೆಕ್ಟರ್ ಎಷ್ಟು ಚೆನ್ನಾಗಿ ಎಣಿಸುತ್ತದೆ ಅನ್ನುವುದು ಪೂರ್ತಿ ಗೊತ್ತಿರುವುದಿಲ್ಲ. ಅದಕ್ಕೆ ಕನ್ನಡಿಯ ಬಾಯಿಯ ಸುತ್ತಲೂ ಫೋಕಸ್‌ನಲ್ಲೂ ಒಂದೇ ಥರದ ಅನಿಲ ತುಂಬಿದ ಡಿಟೆಕ್ಟರುಗಳನ್ನು ಇಟ್ಟರು. ಒಂದನ್ನು ಇನ್ನೊಂದರಿಂದ ಭಾಗಿಸಿದಾಗ ಗೊತ್ತಿಲ್ಲದ್ದು ಹೊಡೆದುಹೋಗುತ್ತದೆ. ಪ್ರತಿ ಕೊಳವೆಯ ಪ್ರತಿ ಕಾಲುಭಾಗಕ್ಕೂ ಒಂದೊಂದು ಬಾಗಿಲು, ಒಟ್ಟು 16. ಒಂದನ್ನೇ ತೆರೆದು ಉಳಿದದ್ದು ಮುಚ್ಚಿ, ದೋಷ ಯಾವ ಕೊಳವೆಯ ಯಾವ ಮಗ್ಗುಲಿನದು ಅಂತ ಕೇಳಬಹುದು. 1996ರ ಡಿಸೆಂಬರಿನಿಂದ ತಿಂಗಳುಗಟ್ಟಲೆ ಹಗಲೂ ರಾತ್ರಿ ಈ ಬಾಗಿಲು ತೆಗೆದು ಹಾಕಿ ಅಳೆದರು. 1999ರ ಜುಲೈನಲ್ಲಿ ಹಾರಿದ ಆ ಕನ್ನಡಿಯ ಲೆಕ್ಕಕ್ಕೆ ಇವತ್ತಿಗೂ ಆಧಾರ ಆ ಚಳಿಗಾಲದ ಅಳತೆಗಳೇ.

ಇನ್ನು ಮುಂದೆ ಬರುವ ಕನ್ನಡಿಗಳು ಎರಡೂವರೆ ಮೀಟರ್ ಆಸುಪಾಸು ಅಗಲ ಇರುತ್ತವೆ, ನೂರಾರು ಚಿಕ್ಕ ಸಿಲಿಕಾನ್ ಮಾಡ್ಯೂಲುಗಳನ್ನು ಕೂಡಿಸಿದ್ದು. ಬರೀ ಪೈಪ್ ಉದ್ದ ಮಾಡುತ್ತಾ ಹೋಗುವುದರಲ್ಲಿ ನನಗೆ ನಂಬಿಕೆ ಇಲ್ಲ. ಇಟಲಿಯ ಮೆರಾಟೆಯಲ್ಲಿ ಬೀಟ್ರಿಕ್ಸ್ ಅಂತ ಒಂದು ಸೌಲಭ್ಯ ಕಟ್ಟಿದ್ದಾರೆ. ಪ್ಯಾರಾಬೊಲಾ ಕನ್ನಡಿಯೊಂದರಿಂದ ಬೀಮನ್ನು ಮೊದಲೇ ಸಮಾನಾಂತರ ಮಾಡಿ, ಓರೆಯಾಗಿ ಕತ್ತರಿಸಿದ ಸಿಲಿಕಾನ್ ಹರಳಿನಿಂದ ಅಗಲ ಮಾಡುತ್ತಾರೆ. ಒಂದು ಮಾಡ್ಯೂಲನ್ನು ಪೂರ್ತಿ ಬೆಳಗುವಷ್ಟು, 17 ಸೆಂ.ಮೀ. ಉದ್ದ 6 ಸೆಂ.ಮೀ. ಅಗಲದ ಬೀಮ್. ಅದಕ್ಕೆ ದೊಡ್ಡ ಕೋಣೆಯಷ್ಟು ಜಾಗ ಸಾಕು. ಎಕ್ಸ್‌ಎಂಎಂ ಕಾಲದಲ್ಲೇ ಬೆಲ್ಜಿಯಂನ ಲಿಯೇಜ್‌ನಲ್ಲಿ ಬೀಮನ್ನು ಲಂಬವಾಗಿ ನಿಲ್ಲಿಸಿದ್ದರು. ಆಗ ಗುರುತ್ವ ಕನ್ನಡಿಯ ಅಕ್ಷದ ಉದ್ದಕ್ಕೇ ಎಳೆಯುತ್ತದೆ, ಎಲ್ಲ ಕಡೆಗೂ ಒಂದೇ ಸಮ. ಈಗ ವರ್ಟ್-ಎಕ್ಸ್ ಅನ್ನುವ ಯೋಜನೆಯಲ್ಲಿ ಎರಡನ್ನೂ ಸೇರಿಸುತ್ತಿದ್ದಾರೆ. ಲಂಬವಾದ ಚಿಕ್ಕ ಸಮಾನಾಂತರ ಬೀಮನ್ನು ದೊಡ್ಡ ಕನ್ನಡಿಯ ಮೇಲೆ ಸಾಲುಸಾಲಾಗಿ ಓಡಿಸುವುದು, ಹೊಲ ಉತ್ತ ಹಾಗೆ. ಆಗ ಹರಡುವ ತೊಂದರೆ ಹೋಗುತ್ತದೆ, ಬೀಮ್ ಓಡುವಾಗ ಒಂದು ಆರ್ಕ್ ಸೆಕೆಂಡಾದರೂ ವಾಲಿತೇ ಅನ್ನುವ ಹೊಸ ಪ್ರಶ್ನೆ ಬರುತ್ತದೆ. ನನಗೆ ಆ ಪ್ರಶ್ನೆ ಪರವಾಗಿಲ್ಲ. ಅದನ್ನು ಪಕ್ಕದಲ್ಲೇ ಲೇಸರ್ ಇಟ್ಟು ಅಳೆಯಬಹುದು. ಬೆಳಕು ಫೋಕಸ್‌ಗೆ ಬರದೇ ಹೋದ ಕನ್ನಡಿಯ ಅಂಚನ್ನು ಯಾವುದರಿಂದಲೂ ಅಳೆಯಲಾಗುವುದಿಲ್ಲ.

ಈಗ ನಾನು ಬಿಡಿಸುತ್ತಿರುವುದೂ ಒಂದು ಲಂಬ ಸೌಲಭ್ಯದ ಡ್ರಾಯಿಂಗೇ. ಹೋದ ವಾರ ಮೊದಲ ಪ್ರತಿಯನ್ನು ಟೇಬಲ್ ಮೇಲೆ ಹರಡಿದ್ದೆ. ಅದೇ ಟೆಕ್ನಿಷಿಯನ್ ಬಂದರು. ಕನ್ನಡಕ ಏರಿಸಿಕೊಂಡು ಬ್ಯಾಫಲ್‌ಗಳನ್ನು ಮೇಲಿನಿಂದ ಕೆಳಗೆ ಬೆರಳಿಟ್ಟು ಎಣಿಸಿದರು. ಈ ಸಲ ಎಲ್ಲ ಕಾಲುಗಳೂ ಬೆಲ್ಲೋಸ್‌ನ ಒಂದೇ ಬದಿಗೆ. ತಲೆ ಆಡಿಸಿದರು. ಆಮೇಲೆ ನಾಲ್ಕನೆಯ ಉಂಗುರದ ಮೇಲೆ ಬೆರಳು ನಿಲ್ಲಿಸಿ ಕೇಳಿದರು:

"ಇಲ್ಲಿ ಸ್ಕ್ರೂ ಸಡಿಲ ಆದ್ರೆ ಕೈ ಎಲ್ಲಿಂದ ಹಾಕೋದು ಮೇಡಂ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಆ ಜಾಗದಲ್ಲಿ 20 ಸೆಂ.ಮೀ.ನ ಒಂದು ಬಾಗಿಲು ಬಿಡಿಸಿದೆ.